ಫಿಲ್ಲರ್ ಹಾಕಿದ ಕೈಕಾಗದ ಪುಡಿ ಉದುರಿಸಿದರೆ, ಬಿರಿದರೆ: ದೋಷ ಹುಡುಕುವ ಕೈಪಿಡಿ

ಹಾವೇರಿ ಕಡೆಯ ಒಂದು ಲಗ್ನಪತ್ರಿಕೆಯ ಆರ್ಡರ್ ನಮ್ಮ ಹುಬ್ಬಳ್ಳಿಯ ಘಟಕಕ್ಕೆ ವಾಪಸ್ ಬಂತು. ಪತ್ರಿಕೆ ಹಿಡಿದವರ ಅಂಗಿಯ ಮೇಲೆಲ್ಲ ಬಿಳಿ ಪುಡಿ. ಸ್ಕ್ರೀನ್ ಪ್ರಿಂಟ್ ಮಾಡಿದ ಗಣಪತಿಯ ಸೊಂಡಿಲು ಅರ್ಧ ಮಾಯ. "ಏನ್ರೀ ಇದು, ಪತ್ರಿಕಿ ಕೇಳಿದ್ರ ಪೌಡರ್ ಡಬ್ಬಿ ಕೊಟ್ಟೀರಲ್ಲ" ಅಂದರು ಗಿರಾಕಿ. ತಪ್ಪು ಪೂರ್ತಿ ನಮ್ಮದೇ. ಹೊಸೈರಿ ಚಿಂದಿ (ಬನಿಯನ್‌ನಂಥ ಹತ್ತಿ ಬಟ್ಟೆಯ ಚೂರು) ಬಿಟ್ಟು ಅಗ್ಗಕ್ಕೆ ಸಿಕ್ಕ ಆಫೀಸ್ ರದ್ದಿಗೆ ಇಳಿದಿದ್ದೆವು. ನಮ್ಮ ಫಿಲ್ಲರ್ ಆದ ಸೀಮೆಸುಣ್ಣದ (ಕ್ಯಾಲ್ಸಿಯಂ ಕಾರ್ಬೊನೇಟ್) ಪುಡಿಯನ್ನು ಮಾತ್ರ ಹಳೆಯ ಅಳತೆಯಲ್ಲೇ ಸುರಿಯುತ್ತಿದ್ದೆವು.

ಆವತ್ತಿನಿಂದ ಗೋಡೆಗೆ ಅಂಟಿಸಿಕೊಂಡ ಟಿಪ್ಪಣಿಗಳನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ತೊಟ್ಟಿ, ಜಾಲರಿ ಚೌಕಟ್ಟು, ಒಂದು ಬೀಟರ್ (ನಾರು ಜಜ್ಜುವ ಯಂತ್ರ), ಒಂದು ಸ್ಕ್ರೂ ಪ್ರೆಸ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕೈಗೂ ಜೇಬಿಗೂ ಭಾರವಾಗುವವು ಆಮೇಲೆ.

ಮೊದಲು ಒಂದು ಮಾತು: ಪುಡಿ ನಿಂತಿದೆಯೋ, ಹಿಡಿದಿದೆಯೋ?

ಫಿಲ್ಲರ್ ಹಾಕುವುದೇ ತಪ್ಪಲ್ಲ. ಮಿಲ್ಲುಗಳು ಬರೆಯುವ, ಮುದ್ರಿಸುವ ಕಾಗದಕ್ಕೆ ಶೇ 15ರಿಂದ 30ರಷ್ಟು ಖನಿಜ ಪುಡಿ ಹಾಕುತ್ತವೆ. ಹಾಳೆ ಬೆಳ್ಳಗಾಗುತ್ತದೆ, ಹಿಂಬದಿಯ ಅಕ್ಷರ ಕಾಣುವುದಿಲ್ಲ, ಮೈ ನುಣುಪಾಗುತ್ತದೆ. ಆದರೆ ಕಾಗದದ ಬಲವೆಲ್ಲ ಇರುವುದು ನಾರಿಗೆ ನಾರು ತಾಗುವ ಜಾಗದಲ್ಲಿ. ನೀರು ಆರುತ್ತ ಬಂದಂತೆ ಒದ್ದೆ ನಾರುಗಳು ಒಂದನ್ನೊಂದು ಎಳೆದುಕೊಂಡು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಎರಡು ನಾರಿನ ನಡುವೆ ಸುಣ್ಣದ ಕಣ ಕೂತರೆ ಅಷ್ಟು ಜಾಗದಲ್ಲಿ ಆ ಹಿಡಿತ ಹೋಯಿತು. ಕಣಕ್ಕೆ ತಾನಾಗಿ ನಾರನ್ನು ಹಿಡಿಯುವ ಗುಣವಿಲ್ಲ. ಸಾಲದ್ದಕ್ಕೆ ನೀರಿನಲ್ಲಿ ನಾರಿನ ಮೈ ಋಣ ವಿದ್ಯುದಂಶದ್ದು, ಬಹುತೇಕ ಫಿಲ್ಲರ್ ಪುಡಿಗಳದೂ ಅದೇ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ.

ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲ. ತಣ್ಣೀರಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹೊಯ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗಿ ಮಿಕ್ಕ ಕಣಗಳನ್ನು ಹಿಡಿಯುತ್ತದೆ. ಕಾಗದದಲ್ಲಿ ಬೆಂದ ಸ್ಟಾರ್ಚ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ.

ಪುಡಿ ಹಾಳೆಯಲ್ಲಿ ಉಳಿಯುವುದು ಒಂದು, ನಾರಿಗೆ ಹಿಡಿದುಕೊಳ್ಳುವುದು ಇನ್ನೊಂದು. ಉಳಿದೇ ಇಲ್ಲದಿದ್ದರೆ ತೊಟ್ಟಿಯ ನೀರು ಹೇಳುತ್ತದೆ. ಉಳಿದೂ ಹಿಡಿಯದಿದ್ದರೆ ಒಣ ಹಾಳೆ ಹೇಳುತ್ತದೆ. ಎರಡಕ್ಕೂ ಮದ್ದು ಬೇರೆ. ನಾವು ತಿಂಗಳುಗಟ್ಟಲೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದ್ದೆವು.

ಯಾವ ಲಕ್ಷಣವೇ ಇರಲಿ, ಮೊದಲ ಪರೀಕ್ಷೆ

ಅದೇ ಪಲ್ಪ್ (ನೀರಲ್ಲಿ ಜಜ್ಜಿದ ನಾರು), ಅದೇ ನೀರು, ಅದೇ ಪ್ರೆಸ್. ಫಿಲ್ಲರ್ ಮಾತ್ರ ಬಿಟ್ಟು ಐದು ಹಾಳೆ ಎತ್ತಿ, ಒಣಗಿಸಿ, ಹರಿದು ನೋಡಿ. ಇವೂ ಸುಲಭವಾಗಿ ಹರಿದರೆ ದೋಷ ಸುಣ್ಣದ್ದಲ್ಲ, ಪಲ್ಪಿನದು. ಇವು ಗಟ್ಟಿಯಾಗಿದ್ದು ಫಿಲ್ಲರ್ ಹಾಕಿದವು ಮಾತ್ರ ಸೋತರೆ ಮುಂದಕ್ಕೆ ಓದಿ.

ಹರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪ್ರಿಂಟಿಂಗ್ ಪ್ರೆಸ್‌ನವರು ಚುಕ್ಕಿ ನೋಡಲು ಇಟ್ಟುಕೊಳ್ಳುವ ಮಡಚುವ ಕನ್ನಡಿ ಸಾಕು. ಅಂಚಿನಲ್ಲಿ ಉದ್ದುದ್ದ ನಾರು ಕೂದಲಂತೆ ಹೊರಗೆ ಚಾಚಿದ್ದರೆ ನಾರು ಮುರಿದಿಲ್ಲ, ಜಾರಿ ಹೊರಬಂದಿದೆ. ಹಿಡಿತ ಕಡಿಮೆ ಎಂದರ್ಥ. ಅಂಚು ಚಿಕ್ಕದಾಗಿ, ಕತ್ತರಿಸಿದಂತೆ ಇದ್ದರೆ ನಾರೇ ಸೋತಿದೆ: ಬೀಟರ್‌ನಲ್ಲಿ ತುಂಡಾಗಿದೆ, ಇಲ್ಲವೇ ಬ್ಲೀಚ್ ಹೆಚ್ಚಾಗಿ ಸುಟ್ಟಿದೆ. ಈ ಎರಡನೆಯದಕ್ಕೆ ಎಷ್ಟು ಸ್ಟಾರ್ಚ್ ಸುರಿದರೂ ಪ್ರಯೋಜನವಿಲ್ಲ.

ಲಕ್ಷಣ: ಕೈಗೆ, ಬಟ್ಟೆಗೆ ಬಿಳಿ ಪುಡಿ ಹತ್ತುತ್ತದೆ

ನಮ್ಮಲ್ಲಿ ಇದನ್ನು ಮೊದಲು ಗಮನಿಸಿದ್ದು ಹಾಳೆ ಎಣಿಸುವ ಹುಡುಗಿ. "ಅಕ್ಕಾರ, ಈ ಹಾಳಿ ಕೈಗೆ ಹತ್ತಾಕತ್ತೈತ್ರಿ" ಎಂದು ಎರಡು ದಿನ ಹೇಳಿದಳು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಪ್ಪು ಬಟ್ಟೆಯ ತುಂಡಿನಿಂದ ಹಾಳೆಯ ಎರಡೂ ಮೈಯನ್ನು ಹತ್ತು ಸಲ ಒಂದೇ ಒತ್ತಡದಲ್ಲಿ ಉಜ್ಜಿ. ಆಮೇಲೆ ಸೆಲ್ಲೋಟೇಪ್ ಅಂಟಿಸಿ, ಬೆರಳಿನಿಂದ ಒತ್ತಿ, ನಿಧಾನವಾಗಿ ಕೀಳಿ. ಟೇಪನ್ನು ಕಪ್ಪು ರಟ್ಟಿನ ಮೇಲೆ ಅಂಟಿಸಿ ತಾರೀಕು ಬರೆದಿಡಿ. ಆ ರಟ್ಟು ಮುಂದೆ ನಿಮ್ಮ ದಾಖಲೆ ಪುಸ್ತಕವಾಗುತ್ತದೆ.

ಟೇಪಿಗೆ ಬರೀ ಪುಡಿ ಬಂದು ನಾರು ಬರದಿದ್ದರೆ ಸಡಿಲವಿರುವುದು ಮೈಮೇಲೆ ಮಾತ್ರ. ಒಣ ಹಾಳೆಯನ್ನು ತೆಳ್ಳಗಿನ ಬೆಂದ ಗಂಜಿಯಲ್ಲಿ ಅದ್ದಿ ಮತ್ತೆ ಒಣಗಿಸಿದರೆ ಬಹುಪಾಲು ನಿಲ್ಲುತ್ತದೆ. ಪುಡಿಯ ಜೊತೆ ನಾರಿನ ಪದರವೂ ಎದ್ದು ಬಂದರೆ ಒಳಹಿಡಿತವೇ ಇಲ್ಲ. ಮೇಲೆ ಗಂಜಿ ಬಳಿಯುವುದು ಬಿರುಕು ಗೋಡೆಗೆ ಸುಣ್ಣ ಹಚ್ಚಿದಂತೆ. ಮುಂದಿನ ವಿಭಾಗಕ್ಕೆ ಹೋಗಿ.

ಒಂದೇ ಮೈ ಉದುರಿದರೆ? ಜಾಲರಿಗೆ ತಾಗಿದ ಮೈಯಿಂದ ಪುಡಿ ನೀರಿನೊಂದಿಗೆ ಇಳಿದು ಹೋಗಿದೆ, ಮೇಲಿನ ಮೈಯಲ್ಲಿ ಗುಂಪಾಗಿ ಕೂತಿದೆ. ಅದು ಉಳಿಕೆಯ ತೊಂದರೆ. ತೊಟ್ಟಿ ನೀರಿನ ವಿಭಾಗ ನೋಡಿ.

ಲಕ್ಷಣ: ಮಡಚಿದರೆ ಬಿರಿಯುತ್ತದೆ, ಎರಡು ಪದರವಾಗಿ ಸೀಳುತ್ತದೆ

ಮೂಲೆಯನ್ನು ಉಗುರಿನಿಂದ ಎಬ್ಬಿಸಿದರೆ ಹಾಳೆ ಪದರಪದರವಾಗಿ ಬರುತ್ತದೆಯೇ? ಒಳಹಿಡಿತ ಸೋತಿದೆ. ಹುಡುಕುವ ಕ್ರಮ ಇದು.

ಒಂದು, ಪ್ರೆಸ್. ಖರ್ಚೇ ಇಲ್ಲದ ಮದ್ದು, ಆದರೂ ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಒದ್ದೆ ಹಾಳೆಯನ್ನು ಹೆಚ್ಚು ಒತ್ತಿದಷ್ಟೂ ನಾರುಗಳು ಹತ್ತಿರ ಬಂದು ತಾಗುವ ಜಾಗ ಹೆಚ್ಚುತ್ತದೆ. ಅದೇ ಪಲ್ಪಿನ ಎರಡು ಕಟ್ಟು ಮಾಡಿ, ಒಂದನ್ನು ಎಂದಿನಂತೆ, ಇನ್ನೊಂದನ್ನು ಒತ್ತಡ ನಿಧಾನವಾಗಿ ಏರಿಸುತ್ತ ಹೆಚ್ಚು ಹೊತ್ತು ಬಿಟ್ಟು ಒತ್ತಿ. ಒಮ್ಮೆಲೇ ಬಿಗಿದರೆ ನೀರು ನುಗ್ಗಿ ಹಾಳೆ ಒಡೆಯುತ್ತದೆ. ಒದ್ದೆ ಹಾಳೆಗಳ ನಡುವೆ ಇಡುವ ಫೆಲ್ಟ್ ಬಟ್ಟೆ ಸುಣ್ಣ ಕಟ್ಟಿ ಬಿರುಸಾಗಿದ್ದರೆ ನೀರು ಹೀರುವುದಿಲ್ಲ, ಒಗೆದು ಹಾಕಿ.

ಎರಡು, ಬೀಟಿಂಗ್. ನಾರಿನ ಮೈ ಬಿಚ್ಚಿ ನವಿರಾದ ಎಳೆಗಳು ಹೊರಟಾಗಲೇ ಹಿಡಿತ. ಹತ್ತಿ ಚಿಂದಿ ಇದಕ್ಕೆ ಹೊತ್ತು ಕೇಳುತ್ತದೆ. ರದ್ದಿ ಕಾಗದದ ನಾರು ಒಮ್ಮೆ ಒಣಗಿ ಬಿಗಿದುಕೊಂಡಿರುವುದರಿಂದ ಮತ್ತೆ ಮೊದಲಿನಷ್ಟು ಉಬ್ಬುವುದಿಲ್ಲ. ರಾತ್ರಿಯಿಡೀ ನೆನೆಸಿ, ಹಗುರವಾಗಿ ಬೀಟ್ ಮಾಡಿ. ಹಟಕ್ಕೆ ಬಿದ್ದು ಹೆಚ್ಚು ಹೊಡೆದರೆ ನಾರು ತುಂಡಾಗುತ್ತದೆ, ಜಾಲರಿಯಲ್ಲಿ ನೀರು ಇಳಿಯುವುದಿಲ್ಲ, ಒಣಗುವಾಗ ಹಾಳೆ ಸುರುಟುತ್ತದೆ.

ಮೂರು, ನಿಮಗೆ ತಿಳಿಯದೆ ಬಂದ ಫಿಲ್ಲರ್. ನಮ್ಮ ಲಗ್ನಪತ್ರಿಕೆಯ ಕಥೆ ಇದೇ. ಝೆರಾಕ್ಸ್ ಕಾಗದದಲ್ಲಿ ಮಿಲ್ಲಿನವರು ಮೊದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುತ್ತಾರೆ. ಪಲ್ಪ್ ಮಾಡಿದಾಗ ಅದೂ ಜೊತೆಗೇ ಬರುತ್ತದೆ. ಅದರ ಮೇಲೆ ನಿಮ್ಮ ಪಾಲು ಹಾಕಿದರೆ ನಾರಿಗೆ ಜಾಗ ಎಲ್ಲಿ? ರದ್ದಿಯ ಒಂದು ಚೂರಿನ ಮೇಲೆ ಬಿಳಿ ವಿನೆಗರ್ ಅಥವಾ ನಿಂಬೆರಸ ಬಿಡಿ. ಕಿವಿ ಹತ್ತಿರ ಹಿಡಿದರೆ ಸಣ್ಣ ಚಿರಚಿರ ಸದ್ದು, ಕನ್ನಡಿಯಲ್ಲಿ ಗುಳ್ಳೆ ಕಂಡರೆ ಕಾರ್ಬೊನೇಟ್ ಇದೆ.

ಎಷ್ಟಿದೆ ಎಂದು ತಿಳಿಯಲು ಬೂದಿ ಪರೀಕ್ಷೆ. 10 ಗ್ರಾಂ ಒಣ ಹಾಳೆಯನ್ನು ಪಿಂಗಾಣಿ ಮೂಸೆಯಲ್ಲಿ ಪೂರ್ತಿ ಸುಟ್ಟು, ಕಪ್ಪು ಹೋಗುವವರೆಗೆ ಕಾಯಿಸಿ, ತಣಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. 10 ಕಿಲೋ ಪಲ್ಪಿಗೆ 1 ಕಿಲೋ ಪುಡಿ ಹಾಕಿದ್ದರೆ, ಎಲ್ಲವೂ ಉಳಿದ ಪಕ್ಷದಲ್ಲಿ ಸುಮಾರು 0.9 ಗ್ರಾಂ ಬೂದಿ ಬರಬೇಕು. 2 ಗ್ರಾಂ ಬಂದರೆ ಬೇರೆ ಕಡೆಯಿಂದಲೂ ಬಂದಿದೆ. ಅರ್ಧ ಗ್ರಾಂ ಬಂದರೆ ಉಳಿದದ್ದು ತೊಟ್ಟಿಗೆ ಹೋಗಿದೆ. ಉರಿ ಅತಿಯಾಗದಿರಲಿ. ಪ್ರಯೋಗಾಲಯದಲ್ಲಿ ಈ ಪರೀಕ್ಷೆ 525 ಡಿಗ್ರಿಯಲ್ಲಿ ನಡೆಯುತ್ತದೆ. 900 ಡಿಗ್ರಿಗೆ ಹೋದರೆ ಸೀಮೆಸುಣ್ಣ ಸುಟ್ಟಸುಣ್ಣವಾಗಿ 100 ಗ್ರಾಂ ಇದ್ದದ್ದು 56ಕ್ಕೆ ಇಳಿದು ಲೆಕ್ಕ ತಪ್ಪುತ್ತದೆ. ಇದನ್ನು ಬಯಲಲ್ಲಿ ಮಾಡಿ, ಇಕ್ಕಳ ಬಳಸಿ. ಬಿಸಿ ಬೂದಿಗೆ ನೀರು ತಾಗಿಸಬೇಡಿ.

ಲಕ್ಷಣ: ತೊಟ್ಟಿಯ ನೀರು ಹಾಲಿನಂತೆ ಬೆಳ್ಳಗಿದೆ

60 ಮೆಶ್ (ಇಂಚಿಗೆ 60 ತೂತು) ಜಾಲರಿಯ ತೂತು ಸುಮಾರು 250 ಮೈಕ್ರಾನ್. ಒಳ್ಳೆಯ ಸೀಮೆಸುಣ್ಣದ ಕಣ 2 ಮೈಕ್ರಾನ್ ಆಸುಪಾಸು. ಸಾಸಿವೆಯನ್ನು ಬುಟ್ಟಿಯಲ್ಲಿ ಹೊತ್ತಂತೆ. ಯಾವುದಕ್ಕಾದರೂ ಅಂಟಿಕೊಳ್ಳದಿದ್ದರೆ ಉಳಿಯುವುದಿಲ್ಲ.

ಹಾಳೆ ಎತ್ತಿದಾಗ ಜಾಲರಿಯಿಂದ ಇಳಿದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿ ಬಿಡಿ. ತಳದಲ್ಲಿ ಬೆರಳಗಲ ಬಿಳಿ ಕೂತರೆ ನಿಮ್ಮ ದುಡ್ಡು ಅಲ್ಲಿದೆ. ಅದೇ ನೀರಿಗೆ ಔಷಧ ಅಂಗಡಿಯ ಪೋವಿಡೋನ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಯಾದರೆ ಸ್ಟಾರ್ಚ್ ಕೂಡ ಹರಿದು ಹೋಗುತ್ತಿದೆ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಹಾವೇರಿ ಜಿಲ್ಲೆಯ ತುಂಬ ಗೋವಿನಜೋಳ. ಅದರ ಸ್ಟಾರ್ಚ್ ಅಗ್ಗ ಎಂದು ತಂದು ಬೇಯಿಸಿ ಪಲ್ಪಿಗೆ ಹಾಕುತ್ತಾರೆ. ಸಾದಾ ಸ್ಟಾರ್ಚಿಗೆ ನಾರಿನ ಮೇಲೆ ವಿಶೇಷ ಸೆಳೆತವಿಲ್ಲ, ಹೆಚ್ಚಿನದು ನೀರಿನೊಂದಿಗೆ ಹೋಗುತ್ತದೆ. ಪಲ್ಪಿನೊಳಗೆ ಬೇಕಾದದ್ದು ಕ್ಯಾಟಯಾನಿಕ್ ಸ್ಟಾರ್ಚ್, ಅಂದರೆ ಧನ ವಿದ್ಯುದಂಶ ಕೂಡಿಸಿದ್ದು. ಅದು ಋಣವಿರುವ ನಾರಿಗೂ ಕಣಕ್ಕೂ ಒಟ್ಟಿಗೆ ಅಂಟುತ್ತದೆ. ಸಾದಾ ಸ್ಟಾರ್ಚನ್ನು ಒಣ ಹಾಳೆಯ ಮೈಗೆ ಬಳಿಯಲು ಇಟ್ಟುಕೊಳ್ಳಿ.

ಅಳತೆ: ಒಣ ನಾರಿನ ತೂಕದ ಶೇ 1ರಿಂದ ಶುರು ಮಾಡಿ. 10 ಕಿಲೋಗೆ 100 ಗ್ರಾಂ. ಸುಮಾರು ಮೂರೂಕಾಲು ಲೀಟರ್ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ತಿರುವುತ್ತ 90–95 ಡಿಗ್ರಿಗೆ ತಂದು 20–30 ನಿಮಿಷ ಹಿಡಿಯಿರಿ. ಬಿಳಿ ಗಂಜಿ ಹೋಗಿ ಪಾರದರ್ಶಕ ಅಂಟು ಆಗಬೇಕು. ಅರೆಬೆಂದದ್ದು ಹಿಡಿಯುವುದಿಲ್ಲ. ಕುದಿವ ಗಂಜಿ ಮೈಗೆ ಹತ್ತಿ ಸುಡುತ್ತದೆ, ನೀರಿನಂತೆ ಜಾರಿ ಹೋಗುವುದಿಲ್ಲ. ಪೂರ್ಣ ತೋಳಿನ ಅಂಗಿ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ.

ಹಾಕುವ ಕ್ರಮವೂ ಮುಖ್ಯ. ಬೀಟ್ ಆದ ದಪ್ಪ ಪಲ್ಪಿಗೆ ಸ್ಟಾರ್ಚ್, ಹತ್ತು ನಿಮಿಷ ತಿರುವು, ಆಮೇಲೆ ನೀರಲ್ಲಿ ಕಲಸಿದ ಫಿಲ್ಲರ್. ಇನ್ನೂ ನೀರು ಬೆಳ್ಳಗಿದ್ದರೆ ಮಾತ್ರ ಕೊನೆಗೆ, ಹಾಳೆ ಎತ್ತುವ ಸ್ವಲ್ಪ ಮೊದಲು, ಕ್ಯಾಟಯಾನಿಕ್ ಪಾಲಿಆಕ್ರಿಲಮೈಡ್ ಎಂಬ ಪಾಲಿಮರ್ ಪುಡಿ. ಅದೂ ಚಿಟಿಕೆ: 10 ಕಿಲೋಗೆ 2 ಗ್ರಾಂ, ಎರಡು ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ. ಹಾಕಿದ ಮೇಲೆ ಜೋರಾಗಿ ಕಡೆದರೆ ಕೂಡಿದ್ದೆಲ್ಲ ಒಡೆಯುತ್ತದೆ. ಈ ಪುಡಿ ನೆಲಕ್ಕೆ ಬಿದ್ದು ನೀರು ತಾಗಿದರೆ ಲೋಳೆಯಾಗಿ ಕಾಲು ನಿಲ್ಲುವುದಿಲ್ಲ. ಮೊದಲು ಒಣಗಿದ್ದಾಗಲೇ ಗುಡಿಸಿ, ನೀರು ಆಮೇಲೆ.

ಇನ್ನೊಂದು ಮಾತು: ಪಾಲಿಆಕ್ರಿಲಮೈಡ್ ಪುಡಿಯನ್ನು ಹಾಳೆಯಲ್ಲಿ ನಿಲ್ಲಿಸುತ್ತದೆ, ಗಟ್ಟಿ ಮಾಡುವುದಿಲ್ಲ. ಅದನ್ನೇ ನಂಬಿ ಫಿಲ್ಲರ್ ಏರಿಸಿದರೆ ನೀರು ತಿಳಿಯಾಗುತ್ತದೆ, ಹಾಳೆ ಇನ್ನಷ್ಟು ಬಿರಿಯುತ್ತದೆ. ನಾವು ಮಾಡಿ ನೋಡಿದ್ದೇವೆ.

ಲಕ್ಷಣ: ಹಾಳೆ ಮೋಡಮೋಡ, ಅಲ್ಲಲ್ಲಿ ಗಂಟು

ಮೇಲಿನ ಪಾಲಿಮರ್ ಹೆಚ್ಚಾಗಿದೆ ಅಥವಾ ತೊಟ್ಟಿಯಲ್ಲಿ ನೀರು ಕಡಿಮೆ. ಅರ್ಧಕ್ಕೆ ಇಳಿಸಿ, ನೀರು ಹೆಚ್ಚಿಸಿ. ಗಂಟಿಲ್ಲದ ತೆಳು ಜಾಗದಲ್ಲೇ ಹಾಳೆ ಮೊದಲು ಹರಿಯುತ್ತದೆ.

ಲಕ್ಷಣ: ತೊಟ್ಟಿಯಲ್ಲಿ ನೊರೆ, ಹಾಳೆಯಲ್ಲಿ ಸೂಜಿ ತೂತು

ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಮತ್ತು ಸೀಮೆಸುಣ್ಣ ಒಂದೇ ತೊಟ್ಟಿಯಲ್ಲಿ ಬಿದ್ದಿವೆ. ಸೈಜಿಂಗ್ ಅಂದರೆ ಹಾಳೆ ನೀರು, ಶಾಯಿ ಹೀರದಂತೆ ಮಾಡುವುದು. ರೋಸಿನ್ (ಮರದ ರಾಳ) ಸೈಜಿಂಗ್ ಹಳೆಯ ಪದ್ಧತಿ. ಅದಕ್ಕೆ ಆಲಂ ಹಾಕಿ ಪಿಎಚ್ 4.5–5.5ಕ್ಕೆ ಇಳಿಸುತ್ತಾರೆ. ಆಮ್ಲದಲ್ಲಿ ಕಾರ್ಬೊನೇಟ್ ಕರಗಿ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ. ಫಿಲ್ಲರ್ ಹೋಯಿತು, ಆಲಂ ಹೋಯಿತು, ಗುಳ್ಳೆ ಕೂತ ಜಾಗ ತೂತಾಯಿತು. ಸೀಮೆಸುಣ್ಣ ಹಾಕದೆಯೂ ಹೀಗಾದರೆ ಝೆರಾಕ್ಸ್ ರದ್ದಿಯನ್ನು ನೆನಪಿಸಿಕೊಳ್ಳಿ.

ಪಿಎಚ್ ಪಟ್ಟಿ ಶಾಲೆಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ದಾರಿ ಎರಡೇ. ರೋಸಿನ್–ಆಲಂ ಬೇಕಿದ್ದರೆ ಫಿಲ್ಲರ್ ಆಗಿ ಟಾಲ್ಕ್ ಅಥವಾ ಚೀನಾ ಕ್ಲೇ ಬಳಸಿ. ಅವು ಆಮ್ಲಕ್ಕೆ ಕರಗುವುದಿಲ್ಲ. ಸೀಮೆಸುಣ್ಣವೇ ಬೇಕಿದ್ದರೆ ಆಲಂ ಬಿಟ್ಟು ಎಕೆಡಿ (ಆಲ್ಕೈಲ್ ಕೀಟೀನ್ ಡೈಮರ್) ಸೈಜಿಂಗ್‌ಗೆ ಬನ್ನಿ, ಪಿಎಚ್ 7.5–8.5 ಇರಲಿ.

ಇಲ್ಲೇ ದೊಡ್ಡ ಎಚ್ಚರಿಕೆ. ಬ್ಲೀಚಿಂಗ್ ಪೌಡರ್ ಹಾಕಿದ ಪಲ್ಪನ್ನು ಪೂರ್ತಿ ತೊಳೆಯದೆ ಆಲಂ ಅಥವಾ ಯಾವುದೇ ಆಮ್ಲ ಹಾಕಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಘಾಟು ಮೂಗಿಗೆ ಬಡಿದ ಕೂಡಲೇ ಎಲ್ಲರೂ ಹೊರಗೆ. ಕೆಮ್ಮು, ಎದೆಬಿಗಿತ ಕಂಡವರನ್ನು ಕಾಯಿಸದೆ ಆಸ್ಪತ್ರೆಗೆ ಒಯ್ಯಿರಿ.

ಪುಡಿ ಏನೆಂಬುದೂ ಖಚಿತವಿರಲಿ. ಶಾಲೆಯ ಖಡು (ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ) ಬಹಳ ಸಲ ಜಿಪ್ಸಮ್, ವಿನೆಗರ್‌ಗೆ ನೊರೆ ಬರುವುದಿಲ್ಲ. ಮನೆಗೆ ಬಳಿಯುವ ಸುಣ್ಣ ತೀವ್ರ ಕ್ಷಾರ. ಕಣ್ಣಿಗೆ ಅಪಾಯ, ಪಲ್ಪಿಗೆ ಬೇಡ. ಹೆಸರಿಲ್ಲದ ಚೀಲದ ಪುಡಿ ಎಷ್ಟೇ ಅಗ್ಗವಾದರೂ ತೊಟ್ಟಿಗೆ ಹಾಕಬೇಡಿ. ಯಾವ ಪುಡಿಯನ್ನು ಸುರಿಯುವಾಗಲೂ ಮಾಸ್ಕ್ ಕಟ್ಟಿಕೊಳ್ಳಿ, ಟಾಲ್ಕಿಗಂತೂ ತಪ್ಪದೆ.

ಲಕ್ಷಣ: ಹೋದ ವಾರ ಸರಿಯಿತ್ತು, ಈ ವಾರ ಕೆಟ್ಟಿದೆ

ಮೊದಲು ಮೂಗು. ಬೇಯಿಸಿಟ್ಟ ಸ್ಟಾರ್ಚ್ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿಯುತ್ತದೆ, ತೆಳ್ಳಗಾಗುತ್ತದೆ. ಹುಳಿತದ್ದನ್ನು ಚೆಲ್ಲಿ.

ಆಮೇಲೆ ನೀರು. ತೊಟ್ಟಿಯ ನೀರನ್ನೇ ತಿಂಗಳುಗಟ್ಟಲೆ ತಿರುಗಿಸಿದರೆ ರದ್ದಿಯಿಂದ ಬಂದ ಋಣ ವಿದ್ಯುದಂಶದ ಕೊಳೆ ಅದರಲ್ಲಿ ಕೂಡುತ್ತದೆ. ನೀವು ಹಾಕಿದ ಕ್ಯಾಟಯಾನಿಕ್ ಸ್ಟಾರ್ಚನ್ನು ನಾರಿಗಿಂತ ಮೊದಲು ಆ ಕೊಳೆ ತಿಂದುಬಿಡುತ್ತದೆ. ಅಳತೆ ಅಷ್ಟೇ, ಬಲ ಮಾತ್ರ ಇಲ್ಲ. ಗದಗ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲೂ ಉಪ್ಪಿನಂಶದಿಂದ ಸ್ಟಾರ್ಚಿನ ಸೆಳೆತ ತಗ್ಗುತ್ತದೆ. ಎರಡು ಬಕೆಟ್ ಇಡಿ: ಒಂದರಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ನಳದ ನೀರು ಅಥವಾ ಮಳೆನೀರು. ಒಂದೇ ಪಲ್ಪ್, ಒಂದೇ ಅಳತೆ. ನಮ್ಮಲ್ಲಿ ನಳಕ್ಕೆ ಮಲಪ್ರಭೆ ಬಂದ ದಿನ ಈ ಪರೀಕ್ಷೆ ಮಾಡಿದಾಗ ಎರಡರ ಟೇಪುಗಳಲ್ಲಿ ಕಂಡ ವ್ಯತ್ಯಾಸ ನೋಡಿಯೇ ತೊಟ್ಟಿ ಖಾಲಿ ಮಾಡಿಸಿದೆ. ಆ ನೀರನ್ನು ನೇರ ನಾಲೆಗೆ ಬಿಡಬೇಡಿ. ತಳ ಕೂರಿಸಿ, ಕೂತ ಬಿಳಿಯನ್ನು ದಪ್ಪ ರಟ್ಟು ಮಾಡಲು ಬಳಸಿ.

ಇಷ್ಟಾದರೂ ಹಿಡಿಯದಿದ್ದರೆ: ಪುಡಿಗೇ ಮೊದಲು ಗಂಜಿ ಕುಡಿಸುವುದು

ಇದು ಸ್ವಲ್ಪ ಕೈಚಳಕದ ಕೆಲಸ. 1 ಕಿಲೋ ಸೀಮೆಸುಣ್ಣವನ್ನು 4 ಲೀಟರ್ ನೀರಲ್ಲಿ ಕಲಸಿ. ಅದಕ್ಕೆ ಪುಡಿಯ ಶೇ 2–3ರಷ್ಟು, ಅಂದರೆ 20–30 ಗ್ರಾಂ ಕ್ಯಾಟಯಾನಿಕ್ ಸ್ಟಾರ್ಚನ್ನು ಬೇಯಿಸಿ ತಣಿಸಿದ ರೂಪದಲ್ಲಿ ಸಣ್ಣ ಧಾರೆಯಾಗಿ ಬಿಡುತ್ತ ನಿಧಾನ ತಿರುವಿ. ಹಾಲು ಒಡೆಯುವಾಗಿನಂತೆ ಸಣ್ಣಸಣ್ಣ ಹರಳು ಕಟ್ಟಿದಾಗ ನಿಲ್ಲಿಸಿ, ಕೂಡಲೇ ಬಳಸಿ. ಬಿಡಿಬಿಡಿ ಕಣಗಳು ನೂರು ಕಡೆ ನಾರಿನ ನಡುವೆ ನುಗ್ಗುವ ಬದಲು ಗುಂಪಾಗಿ ಕೆಲವೇ ಕಡೆ ಕೂರುತ್ತವೆ. ಗುಂಪಿನ ಮೈಗೆ ಸ್ಟಾರ್ಚ್ ಇರುವುದರಿಂದ ಅಲ್ಲೂ ಹಿಡಿತವಿರುತ್ತದೆ. ಬದಲಿಗೆ ತೆರಬೇಕಾದ ಬೆಲೆಯೂ ಇದೆ: ಹಾಳೆಯ ಹಿಂಬದಿ ಸ್ವಲ್ಪ ಹೆಚ್ಚು ಕಾಣುತ್ತದೆ, ಮೈ ಕೊಂಚ ಒರಟು. ಒಣ ಹಾಳೆಯಲ್ಲೂ ಹರಳು ಕಣ್ಣಿಗೆ ಬೀಳುವಷ್ಟು ದೊಡ್ಡದಾದರೆ ಸ್ಟಾರ್ಚ್ ಹೆಚ್ಚಾಯಿತು.

ನಾರಿನ ಟೊಳ್ಳಿನೊಳಗೇ ಪುಡಿ ತುಂಬುವುದು, ಸುಣ್ಣದ ನೀರಲ್ಲಿ ನೆನೆದ ನಾರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಅಲ್ಲೇ ಕಾರ್ಬೊನೇಟ್ ಕಟ್ಟಿಸುವುದು ಮುಂತಾದ ವಿಧಾನಗಳೂ ಇವೆ. ಪುಡಿ ನಾರಿನ ನಡುವೆ ಬರುವುದು ಕಡಿಮೆಯಾದ್ದರಿಂದ ಹಿಡಿತ ಹೆಚ್ಚು ಉಳಿಯುತ್ತದೆ. ಆದರೆ ಅವು ನಮ್ಮಂಥ ತೊಟ್ಟಿಗಳ ಕೆಲಸವಲ್ಲ.

ಯಾವಾಗ ಕೈ ಬಿಟ್ಟು ಕೇಳಬೇಕು

ಬೀಟರ್ ಸದ್ದು ಬದಲಾದರೆ, ಮೋಟಾರ್ ಬಿಸಿಯಾದರೆ, ನೆಲ ಒದ್ದೆಯಿದ್ದು ಮೈ ಜುಮ್ಮೆಂದರೆ ಅದೇ ಕ್ಷಣ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ರೋಲಿನ ಹತ್ತಿರ ಸಿಕ್ಕ ಚಿಂದಿಯನ್ನು ಓಡುವಾಗ ಕೈಯಿಂದ ಎಳೆಯುವುದು ಬೇಡವೇ ಬೇಡ.

ಮೂರು ಸಲ ಒಂದೊಂದೇ ಬದಲಾವಣೆ ಮಾಡಿಯೂ ಟೇಪು ಅದೇ ಪುಡಿ ತೋರಿಸಿದರೆ ಅಂದಾಜು ಸಾಕು, ಅಳತೆ ಬೇಕು. ರಟ್ಟಿನ ಪೆಟ್ಟಿಗೆ ಮಾಡುವವರ ಬಳಿ ಸಾಮಾನ್ಯವಾಗಿ ಬರ್ಸ್ಟಿಂಗ್ ಟೆಸ್ಟರ್ (ಹಾಳೆ ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಎಂದು ಅಳೆಯುವ ಯಂತ್ರ) ಇರುತ್ತದೆ; ಪರಿಚಯವಿದ್ದರೆ ಚಹಾ ಖರ್ಚಿನಲ್ಲಿ ಕೆಲಸ ಆಗುತ್ತದೆ. ಅದಕ್ಕೂ ಮೇಲೆ ಜೈಪುರ ಬಳಿಯ ಸಾಂಗಾನೇರಿನಲ್ಲಿ ಕೈಕಾಗದಕ್ಕೆಂದೇ ಇರುವ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ, ಸಹಾರನ್‌ಪುರದ ಕೇಂದ್ರೀಯ ಪಲ್ಪ್ ಮತ್ತು ಕಾಗದ ಸಂಶೋಧನಾ ಸಂಸ್ಥೆ ಇವೆ. ಬೂದಿ, ಬರ್ಸ್ಟ್, ಮಡಿಕೆ, ಒಳಹಿಡಿತ ಈ ನಾಲ್ಕನ್ನು ಕೇಳಿ. ಹಾಳೆಗಳನ್ನು ಮಡಚದೆ ಎರಡು ರಟ್ಟಿನ ನಡುವೆ ಕಟ್ಟಿ, ಜೊತೆಗೆ ಅದೇ ಪಲ್ಪಿನ ಫಿಲ್ಲರ್ ಇಲ್ಲದ ಹಾಳೆಗಳನ್ನೂ, ತೊಟ್ಟಿಯ ನೀರಿನ ಒಂದು ಬಾಟಲಿಯನ್ನೂ ಕಳಿಸುವುದಾಗಿ ಮೊದಲೇ ತಿಳಿಸಿ. ನಾವು ಮೊದಲ ಸಲ ಬರೀ ಕೆಟ್ಟ ಹಾಳೆಗಳನ್ನು ಕಟ್ಟಿಕೊಂಡು ಹೋಗಿದ್ದೆವು, ಟೆಸ್ಟರ್ ಇಟ್ಟವರು ಸಂಖ್ಯೆ ಬರೆದುಕೊಟ್ಟು, "ಇದನ್ನ ಯಾವುದಕ್ಕ ಹೋಲಿಸಿ ನೋಡಬೇಕ್ರಿ?" ಎಂದು ಕೇಳಿದರು.